ಮೂರು ಸಾಲಿನ ಅರ್ಜಿ, ಅರ್ಧ ದಿನದ ಕಥೆ

(ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಹಳ್ಳಿಯೊಂದರ ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹ ರೂಪ)

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಉಪನ್ಯಾಸ: ತಂತ್ರಜ್ಞಾನ ಮತ್ತು ಮಾನವ ಸಂಬಂಧಗಳು’ ಅಂತ ಅಚ್ಚಾಗಿದೆ. ಅದನ್ನು ನೋಡಿ ನನ್ನ ಅಂಗಡಿಗೆ ಬರುವ ಮಲಯಾಳಿ ಹುಡುಗನೊಬ್ಬ ಕೇಳಿದ, “ಮಾಷೇ, ಎಷ್ಟು ಪುಟ ಬರೆದ್ರಿ?” ಅವನ ತಪ್ಪಲ್ಲ. ಮಲಯಾಳದಲ್ಲಿ ಉಪನ್ಯಾಸ ಅಂದರೆ ಶಾಲೆಯಲ್ಲಿ ಬರೆಯುವ ಪ್ರಬಂಧ. ಹಿಂದಿಯಲ್ಲಿ ಅದೇ ಶಬ್ದಕ್ಕೆ ಕಾದಂಬರಿ ಅಂತ ಅರ್ಥ. ನಾನು ಪ್ರಬಂಧ ಬರೆದಿಲ್ಲ, ಕಾದಂಬರಿಯ ಮಾತು ಬಿಡಿ. ಹಾಳಾದ ಒಂದು ಝೆರಾಕ್ಸ್ ಹಾಳೆಯ ಹಿಂಭಾಗದಲ್ಲಿ ಐದಾರು ಶಬ್ದ ಗೀಚಿಕೊಂಡು ಬಂದಿದ್ದೇನೆ, ಅಷ್ಟೇ.

ನನ್ನನ್ನು ಊರಲ್ಲಿ ಮಾಷ್ಟ್ರು ಅಂತ ಕರೆಯುತ್ತಾರೆ. ಒಂದು ದಿನವೂ ಪಾಠ ಮಾಡಿದವನಲ್ಲ. ಪೆನ್ನು ಹಿಡಿದು ಕೂತವನೆಲ್ಲ ನಮ್ಮ ಕಡೆ ಮಾಷ್ಟ್ರೇ. ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮೆಷಿನ್. ಆನ್‌ಲೈನ್ ಅರ್ಜಿ ಹಾಕಿಕೊಡುತ್ತೇನೆ, ಕರೆಂಟ್ ಬಿಲ್ಲು, ಜಾಗದ ತೀರ್ವೆ ಕಟ್ಟಿಕೊಡುತ್ತೇನೆ. ಅದಕ್ಕೂ ಮೊದಲು ಕೈಯಲ್ಲೇ ಅರ್ಜಿ ಬರೆಯುತ್ತಿದ್ದೆ. 1988ರಿಂದ ಇದೇ ಕೆಲಸ. ಬೇರೆಯವರ ಕಷ್ಟಕ್ಕೆ ನಾನು “ಮಾನ್ಯರೇ” ಅಂತ ಬರೆಯಲು ಶುರುಮಾಡಿ ಮೂವತ್ತೈದು ವರ್ಷದ ಮೇಲಾಯಿತು.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳ ಮಾತು ಬೀದಿಯಲ್ಲಿ ಬಂತು, ಓದು ಬಸ್ಸಿನಲ್ಲಿ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿ ನೋಡಿ ಅಕ್ಷರ ಕೂಡಿಸಿದ್ದು. ಊರಿನ ಹೆಸರು ಮೊದಲೇ ಗೊತ್ತಿತ್ತಲ್ಲ, ಅದೇ ನಮಗೆ ಗೈಡು. ನಮ್ಮ ಮಂಜೇಶ್ವರ ಬೋರ್ಡಿನಲ್ಲಿ ಮಂಚೇಶ್ವರಂ. ನಮ್ಮ ಕುಂಬಳೆ ಅಲ್ಲಿ ಕುಂಬಳ. ತರಕಾರಿಗೆ ಹೋಗುವ ಬಸ್ಸು ಬಂತು ಅಂತ ನಗುತ್ತಿದ್ದೆವು. ಬಸ್ಸಿನ ಒಳಗೆ ಡ್ರೈವರನ ಹಿಂದೆ ಇನ್ನೊಂದು ಸಾಲು ಬರೆದಿತ್ತು. ಅದನ್ನು ಓದಲಿಕ್ಕೆ ನನಗೆ ತಿಂಗಳು ಬೇಕಾಯಿತು. ‘ಡ್ರೈವರೋಡು ಸಂಸಾರಿಕ್ಕರುತ್.’ ಡ್ರೈವರನ ಜೊತೆ ಸಂಸಾರ ಮಾಡಬಾರದು! ಇದನ್ನು ಬಸ್ಸಿನಲ್ಲಿ ಬರೆದು ಹಾಕುವಷ್ಟು ಅದು ನಡೆಯುತ್ತದಾ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಯಾರೋ ಹೇಳಿದರು, ಮಲಯಾಳದಲ್ಲಿ ಸಂಸಾರ ಅಂದರೆ ಮಾತು. ಈ ಶಬ್ದ ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ನನಗೆ ಕೆಲಸ ಕಲಿಸಿದವರು ಒಬ್ಬ ಅಜ್ಜ. ಕಚೇರಿಯೊಂದರ ಎದುರು ಬಾದಾಮಿ ಮರದ ಕೆಳಗೆ ಅವರ ಬೆಂಚು. ಅದರ ಮೇಲೆ ಬಿಳಿ ಹಾಳೆಯ ಕಟ್ಟು, ಹೆಬ್ಬೆಟ್ಟಿಗೆ ಇಂಕ್ ಪ್ಯಾಡು, ಕೋರ್ಟ್ ಫೀ ಸ್ಟ್ಯಾಂಪ್ ಇಟ್ಟ ಒಂದು ಹಳೆ ಡಬ್ಬ, ಅಂಟಿಸಲಿಕ್ಕೆ ಎಲೆಯ ತುಂಡಿನಲ್ಲಿ ನಾಲ್ಕು ಅಗುಳು ಅನ್ನ. ಮಳೆ ಬಂದರೆ ನಾನು ಬೆಂಚಿನ ಒಂದು ಕಡೆ, ಅಜ್ಜ ಇನ್ನೊಂದು ಕಡೆ ಹಿಡಿದು ಪಕ್ಕದ ಹೋಟೆಲಿನ ಜಗಲಿಗೆ ಓಡುವುದು.

ಒಂದು ದಿನ ಒಬ್ಬರು ಹೆಂಗಸು ಬಂದರು. ರೇಷನ್ ಕಾರ್ಡಿನಿಂದ ಗಂಡನ ಹೆಸರು ತೆಗೆಸಬೇಕು, ಅರ್ಜಿ ಬೇಕು. ನಾನು ಆಗಲೇ ಹಾಳೆ ಮಡಚಿ ಮಾರ್ಜಿನ್ ಹಾಕಿದ್ದೆ. ಅಜ್ಜ ಕೇಳಿದರು, “ತೀರಿಕೊಂಡ್ರಾ ಅಕ್ಕ?” “ಇಲ್ಲ.” “ಮತ್ತೆಂತ?” ಅಲ್ಲಿಂದ ಶುರುವಾದದ್ದು ಮಧ್ಯಾಹ್ನದ ತನಕ ಹೋಯಿತು. ಗಂಡ ಬೊಂಬಾಯಿಯ ಹೋಟೆಲಿಗೆ ಕೆಲಸಕ್ಕೆ ಹೋದದ್ದು, ಎರಡು ವರ್ಷ ಮನಿಯಾರ್ಡರ್ ಬಂದದ್ದು, ಮತ್ತೆ ನಿಂತದ್ದು, ಅತ್ತೆ ಹೇಳಿದ್ದು, ನಾದಿನಿ ಹೇಳಿದ್ದು. ಅಜ್ಜ ಒಂದು ಅಕ್ಷರ ಬರೆಯಲಿಲ್ಲ. ಎಲೆಯಡಿಕೆ ಹಾಕಿಕೊಂಡು ಕೇಳುತ್ತಾ ಕೂತರು. ಕೊನೆಗೆ ಗೊತ್ತಾದದ್ದು ಇಷ್ಟು: ಮಗನ ಶಾಲೆಯ ಒಂದು ಕಾಗದಕ್ಕೆ ತಂದೆಯ ಸಹಿ ಬೇಕಿತ್ತು. ಕಾರ್ಡಿನಲ್ಲಿ ಹೆಸರು ಇಲ್ಲದಿದ್ದರೆ ಸಹಿ ಬೇಡ ಅಂತ ಯಾರೋ ಅವರ ತಲೆಗೆ ತುಂಬಿದ್ದರು. ಅಜ್ಜ ಶಾಲೆಯ ಹೆಡ್‌ಮಾಷ್ಟ್ರಿಗೆ ಮೂರು ಸಾಲು ಬರೆದುಕೊಟ್ಟರು. ರೇಷನ್ ಕಾರ್ಡಿನ ಸುದ್ದಿಯೇ ಬರಲಿಲ್ಲ.

ನನಗೆ ಸಿಟ್ಟು. “ಅಜ್ಜ, ಅಷ್ಟು ಹೊತ್ತಿನಲ್ಲಿ ನಾನು ನಾಲ್ಕು ಅರ್ಜಿ ಬರೀತಿದ್ದೆ” ಅಂದೆ.

“ಬರೀತಿದ್ದೆ” ಅಂದರು. “ನಾಲ್ಕೂ ತಪ್ಪಾಗ್ತಿತ್ತು.”

ಇಲ್ಲಿ ಕೂತಿರುವ ಮಕ್ಕಳಿಗೆ ಅನ್ನಿಸಬಹುದು, ನಮ್ಮ ಜನರಿಗೆ ತಮ್ಮ ಅರ್ಜಿ ತಾವೇ ಬರೆಯಲು ಯಾಕೆ ಆಗುತ್ತಿರಲಿಲ್ಲ ಅಂತ. ಕನ್ನಡ ಬರುತ್ತಿತ್ತಲ್ಲ? ಕಥೆ ನಿಮಗೆ ಗೊತ್ತಿರುವುದೇ. 1956ರ ನವೆಂಬರ್ 1ರ ತನಕ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ. ಅಲ್ಲಿಂದ ಕೇರಳ. ಆ ದಿನ ಯಾರೂ ಮನೆ ಬದಲಿಸಲಿಲ್ಲ, ಕಚೇರಿಯ ಭಾಷೆ ಬದಲಾಯಿತು. 1967ರಲ್ಲಿ, ಗಡಿ ತೀರ್ಮಾನಕ್ಕೆ ಅಂತ ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಲಿ ಅಂತ ಬರೆದದ್ದು ಬರೆದಲ್ಲೇ ಉಳಿಯಿತು. 1969ರ ಕೇರಳದ ಆಡಳಿತ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಮಾತಾಡುವವರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು ಅಂತ ಇದೆ. ಹಕ್ಕು ಉಂಟು. ಆದರೆ ಮೇಜಿನ ಆಚೆ ಕೂತವರು ದಕ್ಷಿಣ ಕೇರಳದ ಕೊಲ್ಲಂನಿಂದ ವರ್ಗವಾಗಿ ಬಂದಿರುತ್ತಾರೆ, ನಿಮಗೆ ಸರ್ಟಿಫಿಕೇಟು ನಾಳೆಗೆ ಬೇಕಾಗಿರುತ್ತದೆ. ಹಕ್ಕು ಕೇಳಲು ಹೋದರೆ ಬಸ್ಸು ತಪ್ಪುತ್ತದೆ. ಹೋರಾಟ ಮಾಡಿದವರ ಬಗ್ಗೆ ನನಗೆ ಗೌರವ ಇದೆ, ಅವರಲ್ಲಿ ಕೆಲವರ ಅರ್ಜಿಯನ್ನೂ ನಾನೇ ಮಲಯಾಳದಲ್ಲಿ ಬರೆದುಕೊಟ್ಟಿದ್ದೇನೆ.

ಇನ್ನು ನನ್ನದೇ ಒಂದು ಮರ್ಯಾದೆ ಹೋದ ಕಥೆ. ಅಜ್ಜ ಜ್ವರ ಅಂತ ಮನೆಯಲ್ಲಿದ್ದರು, ಬೆಂಚಿನಲ್ಲಿ ನಾನೊಬ್ಬನೇ. ಒಬ್ಬರು ರೈತರು ಬಂದರು, ಆಗ ನಲವತ್ತೈದರ ಆಸುಪಾಸು. ಕೈಯಲ್ಲೊಂದು ನೋಟಿಸು. ದಾರಿ ಬದಿಯಲ್ಲಿ ಅವರು ಕಟ್ಟಿದ ಗೋಡೆಯ ಬಗ್ಗೆ. ನಾನು ಠೀವಿಯಿಂದ ಓದಿದೆ. ‘ಅನುವಾದಂ ಕೂಡಾತೆ’ ಅಂತ ಇತ್ತು. ಕೂಡಾತೆ ಅಂದರೆ ಇಲ್ಲದೆ, ಅದು ನನಗೆ ಗೊತ್ತು. ಅನುವಾದ ಅಂತೂ ಕನ್ನಡವೇ. ಅವರ ಜಾಗದ ದಸ್ತಾವೇಜು ಅಪ್ಪನ ಕಾಲದ್ದು, ಕನ್ನಡದಲ್ಲೇ ಇದ್ದದ್ದು. ನನಗೆ ಎಲ್ಲ ಹೊಂದಿಬಿಟ್ಟಿತು! “ನಿಮ್ಮ ದಾಖಲೆ ಕನ್ನಡದಲ್ಲಿ ಉಂಟಲ್ವಾ, ಅದನ್ನು ಮಲಯಾಳಕ್ಕೆ ಅನುವಾದ ಮಾಡಿಸಿ ಕೊಡ್ಬೇಕಂತೆ” ಅಂದೆ.

ಪಾಪ, ಅವರು ದುಡ್ಡು ಕೊಟ್ಟು ಅನುವಾದ ಮಾಡಿಸಿದರು. ಬಸ್ಸು ಹತ್ತಿ ಕಚೇರಿಗೆ ಹೋದರು. ಅಲ್ಲಿ ನಕ್ಕುಬಿಟ್ಟರಂತೆ. ಮಲಯಾಳದಲ್ಲಿ ಅನುವಾದ ಅಂದರೆ ಅನುಮತಿ. ಅನುಮತಿ ಇಲ್ಲದೆ ಗೋಡೆ ಕಟ್ಟಿದ್ದೀರಿ ಅಂತ ನೋಟಿಸು.

ಬೈಯಲು ಬರುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ಬಂದು ಬೆಂಚಿನ ತುದಿಯಲ್ಲಿ ಕೂತು, ತಲೆಯ ಅಡಿಕೆಹಾಳೆಯ ಮುಟ್ಟಾಳೆ ತೆಗೆದು ಗಾಳಿ ಹಾಕಿಕೊಂಡು, “ಅಲ್ಲ ಮಾಷ್ಟ್ರೇ, ಗೋಡೆಯನ್ನು ಯಾವ ಭಾಷೆಗೆ ಅನುವಾದ ಮಾಡುದು?” ಅಂದರು. ನಾನು ಬೆಂಚು ಮುಚ್ಚಿ ಅವರ ಜೊತೆ ಹೊರಟೆ. ಹೊಸ ಅರ್ಜಿ ಬರೆದೆ, ಕಚೇರಿಯಲ್ಲಿ ನಾನೇ ನಿಂತು ಮಾತಾಡಿದೆ. ಬಸ್ಸಿನ ದುಡ್ಡು, ಚಾ, ಬನ್ಸ್ ನನ್ನದು. ಅನುವಾದದ ಖರ್ಚನ್ನೂ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಈಗ ಅವರಿಗೆ ಎಂಬತ್ತು ದಾಟಿದೆ. ಇವತ್ತಿಗೂ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಕೇಳುವುದು, “ಇವತ್ತು ಅನುವಾದವಾ, ಅನುಮತಿಯಾ?”

ಇಂಥ ಶಬ್ದ ಬೇಕಾದಷ್ಟಿವೆ. ನಮ್ಮ ಅವಸರ ಅವರಿಗೆ ಅವಕಾಶ. ನಮ್ಮ ವಿಕಾರ ಅವರಿಗೆ ಭಾವನೆ. ರಾಜಿ ಅಂದರೆ ನಮಗೆ ಜಗಳ ಬಿಟ್ಟು ಹೊಂದಿಕೊಳ್ಳುವುದು, ಅವರಿಗೆ ಕೆಲಸಕ್ಕೆ ರಾಜೀನಾಮೆ. ಕೆಲವು ಆಫೀಸುಗಳಲ್ಲಿ ಎರಡೂ ಒಂದೇ, ಬಿಡಿ. ಆಧಾರ್ ಬಂದಾಗಲಂತೂ ಕೇಳಬೇಡಿ. ದೇಶದ ಮೊದಲ ಆಧಾರ್ ನಂಬರು ಕೊಟ್ಟದ್ದು 2010ರಲ್ಲಿ, ಮಹಾರಾಷ್ಟ್ರದ ತೆಂಭಲಿ ಅನ್ನುವ ಹಳ್ಳಿಯಲ್ಲಿ. ಅದು ನಮ್ಮಲ್ಲಿಗೆ ಬರುವ ಎಷ್ಟೋ ಮೊದಲೇ ಇಲ್ಲಿ ಆಧಾರ ಇತ್ತು. ಮಲಯಾಳದಲ್ಲಿ ಆಧಾರಂ ಅಂದರೆ ಜಾಗದ ದಸ್ತಾವೇಜು. “ನಾಳೆ ಆಧಾರ್ ತನ್ನಿ” ಅಂದರೆ ಅಜ್ಜಿಯಂದಿರು ಪೆಟ್ಟಿಗೆಯಿಂದ ಕರ್ಪೂರದ ವಾಸನೆಯ ಮೂವತ್ತು ಪುಟದ ಕಾಗದ ತಂದು ಮೇಜಿನ ಮೇಲೆ ಇಡುತ್ತಿದ್ದರು. ಒಬ್ಬರು ಅಜ್ಜಿ ಅದನ್ನು ನನ್ನ ಕೈಗೇ ಕೊಡಲಿಲ್ಲ. ಮಗನಿಗೆ ಫೋನು ಮಾಡಿ, “ಇವ ಜಾಗದ ಕಾಗದ ಕೇಳ್ತಾ ಇದ್ದಾನೆ, ಕೊಡುದಾ?” ಅಂತ ವಿಚಾರಿಸಿದರು. ಆ ಜಾಗ್ರತೆ ಈಗ ಒಟಿಪಿ ಕೊಡುವಾಗ ನಮಗೆ ಇದ್ದಿದ್ದರೆ ಎಷ್ಟೋ ಮನೆಯ ದುಡ್ಡು ಉಳಿಯುತ್ತಿತ್ತು.

ಈಗ ಫೋನಿನ ವಿಷಯಕ್ಕೆ ಬರೋಣ, ಅದಕ್ಕಾಗಿಯೇ ನನ್ನನ್ನು ಕರೆದದ್ದು.

ಗೂಗಲ್ ಅನುವಾದಕ್ಕೆ ಕನ್ನಡ ಬಂದದ್ದು 2011ರಲ್ಲಿ. ಮಲಯಾಳ 2014ರ ಕೊನೆಗೆ. 2024ರಲ್ಲಿ ತುಳುವೂ ಸೇರಿತು. ತುಳು ಬಂತು ಅಂದಾಗ ನನ್ನ ಹೆಂಡತಿ ಮೊದಲು ಮಾಡಿದ ಕೆಲಸ ಒಂದು ಬೈಗುಳ ಹಾಕಿ ನೋಡಿದ್ದು. ಕನ್ನಡದಲ್ಲಿ ಬಂದದ್ದನ್ನು ಓದಿ, “ಇದನ್ನು ದೇವಸ್ಥಾನದಲ್ಲೂ ಹೇಳಬಹುದು” ಅಂದಳು.

ಒಂದು ದಿನ ಒಬ್ಬಳು ಹುಡುಗಿ ಅಂಗಡಿಗೆ ಬಂದಳು, ಕಟ್ಟಡ ತೆರಿಗೆಯ ಒಂದು ನೋಟಿಸು ಹಿಡಿದುಕೊಂಡು. ನಾನು ಕನ್ನಡಕ ಹುಡುಕುತ್ತಿದ್ದೆ. ಅವಳು ಫೋನನ್ನು ಕಾಗದದ ಮೇಲೆ ಹಿಡಿದಳು. ಮಲಯಾಳದ ಸಾಲುಗಳು ಒಂದು ಸಲ ನಡುಗಿದ ಹಾಗೆ ಆಗಿ ಅದೇ ಜಾಗದಲ್ಲಿ ಕನ್ನಡ ಬಂತು. ನನಗೆ ಕನ್ನಡಕ ಸಿಗುವಷ್ಟರಲ್ಲಿ ಅವಳ ಓದು ಮುಗಿದಿತ್ತು. “ಝೆರಾಕ್ಸ್ ಒಂದು ಕೊಡಿ ಅಂಕಲ್” ಅಂದಳು. ಎರಡು ರೂಪಾಯಿ ಕೊಟ್ಟು ಹೋದಳು.

ಆ ರಾತ್ರಿ ನಾನು ಹಳೆಯ ಗೋಡೆಯ ವಾಕ್ಯವನ್ನು ನೆನಪಿನಿಂದ ಬರೆದು ಫೋನಿಗೆ ತೋರಿಸಿದೆ. ನಿಜ ಹೇಳಬೇಕಾದರೆ, ಅದು ತಪ್ಪು ಮಾಡಲಿ ಅಂತ ಆಸೆ ಇತ್ತು. ಮಾಡಲಿಲ್ಲ. ‘ಅನುಮತಿಯಿಲ್ಲದೆ’ ಅಂತ ಸರಿಯಾಗಿ ತೋರಿಸಿತು. ನನ್ನ ಇಪ್ಪತ್ತನೆಯ ವಯಸ್ಸಿನ ತಲೆಗಿಂತ ಅದರ ತಲೆ ಚೆನ್ನಾಗಿದೆ.

ಹಾಗಾಗಿ ಫೋನು ಬಂದು ಎಲ್ಲ ಹಾಳಾಯಿತು ಅನ್ನುವ ಭಾಷಣ ನನ್ನಿಂದ ಬರುವುದಿಲ್ಲ. ಹಿಂದೆ ಎಲ್ಲ ಚೆನ್ನಾಗಿತ್ತು ಅನ್ನುವವರು ಹೆಚ್ಚಾಗಿ ಪತ್ರ ಓದಿ ಹೇಳುತ್ತಿದ್ದವರು. ಓದಿಸಿಕೊಳ್ಳಲು ನಿಂತವರನ್ನು ಕೇಳಿ ನೋಡಿ.

ನನ್ನ ದೊಡ್ಡಮ್ಮನ ಗಂಡ ಗಲ್ಫಿನಲ್ಲಿದ್ದರು. ಪತ್ರ ಬಂದರೆ ಓದಲು ದೊಡ್ಡಮ್ಮನಿಗೆ ಬರದು. ಜಿನಸಿನ ಅಂಗಡಿಯವರು ಓದಿ ಹೇಳುವುದು. ಅಂಗಡಿ ಅಂದಮೇಲೆ ಬೀಡಿಗೆ ಬಂದವರು, ಎಣ್ಣೆಗೆ ಬಂದವರು ಎಲ್ಲ ಇರುತ್ತಾರೆ. ಮನೆಯಿಂದ ಅತ್ತೆಯೂ ಜೊತೆಗೆ ಬರುವುದು, ಮಗನ ಪತ್ರ ಅಲ್ವಾ. ಅಂಗಡಿಯವರು ದೊಡ್ಡ ಸ್ವರದಲ್ಲಿ ಓದುತ್ತಿದ್ದರು, ಯಕ್ಷಗಾನದ ಅರ್ಥ ಹೇಳಿದ ಹಾಗೆ. ಒಂದು ಪತ್ರದ ಕೊನೆಯಲ್ಲಿ ‘ರಾತ್ರಿ ನಿದ್ದೆ ಬರುವುದಿಲ್ಲ, ನಿನ್ನದೇ ನೆನಪು’ ಅಂತ ಇತ್ತಂತೆ. ಅದನ್ನೂ ಓದಿದರು. ಎರಡು ಸಲ. ದೊಡ್ಡಮ್ಮ ಮನೆಗೆ ಬಂದವರು ಒಂದು ವಾರ ಹೊರಗೆ ನೀರಿಗೆ ಹೋಗಲಿಲ್ಲ.

ಆಮೇಲೆ ಕೇರಳದಲ್ಲಿ ಸಾಕ್ಷರತಾ ಆಂದೋಲನ ಬಂತು. 1991ರ ಏಪ್ರಿಲ್ 18ಕ್ಕೆ ಕೇರಳ ಸಂಪೂರ್ಣ ಸಾಕ್ಷರ ಅಂತ ಘೋಷಣೆಯಾಯಿತಲ್ಲ, ಅದರ ಮೊದಲಿನ ವರ್ಷ ರಾತ್ರಿ ತರಗತಿಗಳು ನಡೆಯುತ್ತಿದ್ದವು. ದೊಡ್ಡಮ್ಮ ದಿನಾ ಹೋದರು. ಚಿಮಿಣಿ ದೀಪ ಹಿಡಿದುಕೊಂಡು, ತೋಟದ ಸಂಕ ದಾಟಿಕೊಂಡು. ಕ್ಲಾಸಿನವರಿಗೆ ಬಹಳ ಖುಷಿ, ಎಂಥ ಆಸಕ್ತಿ ಅಂತ. ದೊಡ್ಡಮ್ಮನಿಗೆ ಇಡೀ ಪುಸ್ತಕ ಬೇಡವಾಗಿತ್ತು. ಪತ್ರದ ಕೊನೆಯ ಎರಡು ಸಾಲು ತಾನೇ ಓದುವಷ್ಟು ಬಂದರೆ ಸಾಕಿತ್ತು. ಇವತ್ತಿನ ಹೆಣ್ಣುಮಕ್ಕಳ ಕೈಯಲ್ಲಿ ಫೋನು ನೋಡಿದಾಗ ನನಗೆ ಅವರ ನೆನಪಾಗುತ್ತದೆ. ಗಂಡನ ವಾಯ್ಸ್ ಮೆಸೇಜನ್ನು ಕಿವಿಗೆ ಒತ್ತಿಕೊಂಡು ಕೇಳುವವರ ಮುಂದೆ ನಾನು ಸಂಬಂಧಗಳ ಬಗ್ಗೆ ಉಪದೇಶ ಮಾಡುವುದಾ? ಸುಮ್ನೆ ಇರ್ತೇನೆ.

ಆದರೂ ಒಂದು ವಿಷಯ ಇದೆ, ಅದನ್ನು ಹೇಳಲಿಕ್ಕೇ ಇಷ್ಟು ಸುತ್ತಿದ್ದು. ಆ ಗೋಡೆಯ ನೋಟಿಸನ್ನು ನಾನು ತಪ್ಪು ಓದಿದೆ. ತಪ್ಪಿದ ಮೇಲೆ ಬೆಂಚು ಮುಚ್ಚಿ ಜೊತೆಗೆ ಹೋದೆ. ಹೋಗದೆ ಇರಲು ಆಗುತ್ತಿರಲಿಲ್ಲ, ಮರುದಿನ ಮುಖ ನೋಡಬೇಕಲ್ಲ. ಓದಿ ಹೇಳುವುದು ಅಂದರೆ ಅರ್ಧ ಜವಾಬ್ದಾರಿ ನಮ್ಮ ತಲೆಗೆ ಬಿದ್ದ ಹಾಗೆ. “ಬುಧವಾರದೊಳಗೆ ಹೋಗಬೇಕಂತೆ” ಅಂತ ಓದಿದವನು ಬುಧವಾರ ಸಿಕ್ಕಾಗ “ಹೋದ್ರಾ?” ಅಂತ ಕೇಳಲೇಬೇಕು. ಫೋನು ನೋಟಿಸನ್ನು ನನಗಿಂತ ಸರಿಯಾಗಿ ಓದುತ್ತದೆ. ಬುಧವಾರ ಅದಕ್ಕೆ ನೆನಪಿರುವುದಿಲ್ಲ. ಅಲಾರಾಂ ಇಡಬಹುದು ಅಂತ ಹಿಂದಿನ ಸಾಲಿನ ಹುಡುಗರು ಹೇಳುತ್ತಿದ್ದೀರಿ, ಕೇಳಿಸಿತು. ಇಡಿ. ಆ ಕಟ್ಟಡ ತೆರಿಗೆಯ ಹುಡುಗಿ ಮೂರು ವಾರ ಬಿಟ್ಟು ಮತ್ತೆ ಬಂದಳು. ನೋಟಿಸಿನ ಪ್ರತಿ ಶಬ್ದವೂ ಅವಳಿಗೆ ಅರ್ಥವಾಗಿತ್ತು. ಹದಿನೈದು ದಿನದೊಳಗೆ ಆಕ್ಷೇಪ ಕೊಡಬೇಕು ಅಂತಲೂ ಗೊತ್ತಿತ್ತು. ಕೊಡುವುದು ಹೇಗೆ, ಯಾರ ಹತ್ತಿರ ಹೋಗಬೇಕು, ಹೋದರೆ ಏನಾದರೂ ಅಂದಾರಾ ಅಂತ ಹೆದರಿ ಕಾಗದವನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಳು. ಆ ದಿನ ನಾನೇ ಕೇಳಬಹುದಿತ್ತು, ಎಂತ ನೋಟಿಸು ಮಗಳೇ ಅಂತ. ನನಗೆ ಕನ್ನಡಕ ಬೇಡವಾಯಿತಲ್ಲ ಅನ್ನುವ ಕೊರಗಿನಲ್ಲಿ ಕೇಳಲಿಲ್ಲ. ತಪ್ಪು ಅರ್ಧ ನನ್ನದು.

ಇಲ್ಲೊಂದು ಸಣ್ಣ ದಾರಿ ತಪ್ಪುತ್ತೇನೆ. ನಿಮ್ಮಲ್ಲಿ ಕರ್ನಾಟಕ ಗಡಿಯ ಸಾರಡ್ಕ, ತಲಪಾಡಿ ಕಡೆಯವರು ಇರಬಹುದು. ರೋಮಿಂಗಿಗೆ ದುಡ್ಡು ಹೋಗುತ್ತಿದ್ದ ಕಾಲ ನೆನಪಿದೆಯಾ? ಗಡಿಯಲ್ಲಿ ನನ್ನ ಭಾವನ ಮನೆ. ಅಂಗಳದಲ್ಲಿ ನಿಂತರೆ ಕೇರಳದ ಟವರು, ಕೊಟ್ಟಿಗೆಯ ಹತ್ತಿರ ಹೋದರೆ ಕರ್ನಾಟಕದ್ದು. ದನಕ್ಕೆ ಹುಲ್ಲು ಹಾಕುವಾಗ ಫೋನು ಬಂದರೆ ಹೊರ ರಾಜ್ಯದ ಲೆಕ್ಕ! ಭಾವ ಹುಲ್ಲಿನ ಕಟ್ಟು ಹೊತ್ತುಕೊಂಡೇ ಅಂಗಳಕ್ಕೆ ಓಡಿ ಬಂದು ‘ಹಲೋ’ ಅನ್ನುತ್ತಿದ್ದರು. ಈಗ ಆ ಓಟ ಇಲ್ಲ. ಬದಲಿಗೆ ಪಿನ್ ಕೋಡ್ ಇದೆ. 1972ರಲ್ಲಿ ಪಿನ್ ಬಂದಾಗ ಅದು ಬರೀ ಟಪ್ಪಾಲಿಗೆ. ಈಗ ಯಾವುದಾದರೂ ಫಾರ್ಮಿನಲ್ಲಿ 671 ಅಂತ ಒತ್ತಿ ನೋಡಿ, ರಾಜ್ಯ ತಾನೇ ಕೇರಳ ಅಂತ ತುಂಬಿಕೊಳ್ಳುತ್ತದೆ, ಎರಡು ದಿನದಲ್ಲಿ ಮಲಯಾಳದಲ್ಲಿ ಕಾಲ್ ಬರುತ್ತದೆ. ನಮ್ಮ ಮನೆಯ ಮಾತು ಯಾವುದು ಅಂತ ಮೂರು ಅಂಕಿಯಲ್ಲಿ ಅದಕ್ಕೆ ಗೊತ್ತಾಗಿಬಿಡುತ್ತದಂತೆ. ಅಜ್ಜನಿಗೆ ಮಧ್ಯಾಹ್ನದ ತನಕ ಬೇಕಾಗುತ್ತಿತ್ತು.

ಸರಿ, ವಾಪಸ್ ಬರೋಣ. ನನ್ನ ಮಗಳು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಮಹಡಿಯ ಕೋಣೆ ಅವಳ ಆಫೀಸು. ಕೆಲಸ ಎಂಥದು ಅಂದರೆ, ಆನ್‌ಲೈನಿನಲ್ಲಿ ಸಾಮಾನು ತರಿಸಿದವರು ದೂರು ಬರೆಯುತ್ತಾರೆ, ಇವಳು ಉತ್ತರ ಬರೆಯುವುದು. ಕೇಳಿದಾಗ ನನಗೆ ನಗು ಬಂತು. ಅಪ್ಪ ಬಾದಾಮಿ ಮರದ ಕೆಳಗೆ ಮಾಡಿದ್ದನ್ನೇ ಮಗಳು ಮಹಡಿಯಲ್ಲಿ ಮಾಡುತ್ತಿದ್ದಾಳೆ. ಒಂದು ದೂರಿಗೆ ಅವರು ಟಿಕೆಟ್ ಅನ್ನುತ್ತಾರೆ. ಒಂದು ಟಿಕೆಟಿಗೆ ಇಷ್ಟು ನಿಮಿಷ ಅಂತ ಲೆಕ್ಕ. ಮೀರಿದರೆ ಅವಳ ಹೆಸರಿನ ಮುಂದೆ ಹಳದಿ ಬರುತ್ತದೆ, ಇನ್ನೂ ಮೀರಿದರೆ ಕೆಂಪು. “ನೀವು ಒಂದು ಅರ್ಜಿಗೆ ಎಷ್ಟು ಹೊತ್ತು ಕೊಡ್ತಿದ್ರಿ ಅಪ್ಪ?” ಅಂತ ಕೇಳಿದಳು. ಅರ್ಧ ದಿನ ಅಂದೆ. ನನ್ನ ಮುಖವನ್ನೇ ನೋಡಿದಳು.

ಕಳೆದ ಮಳೆಗಾಲದಲ್ಲಿ ಒಬ್ಬರ ಟಿಕೆಟ್ ಅವಳಿಗೆ ಬಂತು. ಸಾಮಾನು ಮುಟ್ಟಿದೆ ಅಂತ ಕಂಪನಿಯ ಲೆಕ್ಕದಲ್ಲಿ ಇತ್ತು. ಅವರ ಪ್ರಶ್ನೆ ಒಂದೇ: ಬಾಗಿಲಲ್ಲಿ ತೆಗೆದುಕೊಂಡದ್ದು ಯಾರು? ಇವಳ ಪರದೆಯಲ್ಲಿ ಇರುವ ಆಯ್ಕೆಗಳು ‘ತಲುಪಿಲ್ಲ’, ‘ಒಡೆದಿದೆ’, ‘ವಾಪಸ್ ಮಾಡಬೇಕು’. ತಲುಪಿದ್ದಕ್ಕೇ ದೂರು ಬರೆಯುವವರ ಕಾಲಂ ಇಲ್ಲ. ಇವಳು ಮೊದಲು ಒಂದು ಸಿದ್ಧ ಉತ್ತರ ಕಳಿಸಿದಳು. ಅವರು ಮತ್ತೆ ಬರೆದರು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಉದ್ದಕ್ಕೆ. ಮಗಳು ಮದುವೆಯಾಗಿ ದೂರವಾಗಿದ್ದಾಳೆ, ಮಾತಿಲ್ಲ. ಹುಟ್ಟಿದ ಹಬ್ಬಕ್ಕೆ ಸೀರೆ ಕಳಿಸಿದ್ದಾರೆ. ಅವಳ ಕೈಯಲ್ಲೇ ತೆಗೆದುಕೊಂಡಳಾ, ಬೇರೆ ಯಾರಾದರೂ ತೆಗೆದಿಟ್ಟರಾ, ಅಷ್ಟು ಗೊತ್ತಾಗಬೇಕು. ನನ್ನ ಮಗಳು ಡೆಲಿವರಿಯವರ ದಾಖಲೆ ತೆಗೆಸಿ ನೋಡಿದಳು. ಹೆಸರಿನವರೇ ಸಹಿ ಮಾಡಿ ತೆಗೆದುಕೊಂಡಿದ್ದರು. ಅದನ್ನು ಬರೆದಳು. ಇಪ್ಪತ್ತೆರಡು ನಿಮಿಷ. ಕೆಂಪು ಬಂತು. ಆ ತಿಂಗಳು ಮೇಲಿನವರಿಂದ ಎರಡು ಮಾತೂ ಬಂತು. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿ, “ತಪ್ಪಾ ಅಪ್ಪ?” ಅಂದಳು. ಅಜ್ಜನ ಹತ್ತಿರ ಕೇಳಬೇಕಾದ ಪ್ರಶ್ನೆ. ಅವರು ತೀರಿಕೊಂಡು ಇಪ್ಪತ್ತು ವರ್ಷ ಆಯಿತು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಸಂಸಾರ ಅಂತ ಹೇಳಿದ್ದೆನಲ್ಲ. ನಮ್ಮ ಮನೆಯ ಸಂಸಾರ, ಅಂದರೆ ಮಲಯಾಳದ ಸಂಸಾರ, ಈಗ ಹೀಗೆ ನಡೆಯುತ್ತದೆ. ಮಗಳು ಮೀಟಿಂಗಿನಲ್ಲಿ ಇರುವಾಗ ಕೆಳಗಿನಿಂದ ಕೂಗಬಾರದು. ಅದಕ್ಕೆ ಮನೆಯದ್ದೇ ಒಂದು ವಾಟ್ಸಾಪ್ ಗ್ರೂಪ್. ‘ಚಾ ಆಯ್ತು’ ಅಂತ ಅಡುಗೆಮನೆಯಿಂದ ಮಹಡಿಗೆ ಮೆಸೇಜು. ‘5 ನಿಮಿಷ’ ಅಂತ ಮಹಡಿಯಿಂದ ಉತ್ತರ. ಹೆಂಡತಿ ಒಂದು ವಾರ ಕಳಿಸಿದಳು. ಎಂಟನೆಯ ದಿನ ಸೌಟಿನಿಂದ ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಎರಡು ಬಾರಿಸಿದಳು. ಆಚೆ ಕಡೆ ಮೀಟಿಂಗಿನಲ್ಲಿದ್ದವರು ದೇವಸ್ಥಾನದ ಗಂಟೆಯಾ ಅಂತ ಕೇಳಿದರಂತೆ. ಮಗಳು ಹೌದು ಅಂದಳಂತೆ. ಈಗ ಅದೇ ರೂಢಿಯಾಗಿದೆ, ದಿನಾ ನಾಲ್ಕು ಗಂಟೆಗೆ ನಮ್ಮಲ್ಲಿ ಪೂಜೆ.

ಚೀಟಿಯಲ್ಲಿ ಇನ್ನು ಒಂದು ಶಬ್ದ ಉಳಿದಿದೆ, ಒಟಿಪಿ. ಅದನ್ನು ಹೇಳಿ ಇಳಿಯುತ್ತೇನೆ.

ನನ್ನ ಅಂಗಡಿಯಲ್ಲಿ ಹಾಕುವ ಅರ್ಜಿಗಳ ಹೆಸರು ಕೇಳಿದರೆ ನಿಮಗೆ ನಗು ಬರಬಹುದು. ‘ಒನ್ ಆ್ಯಂಡ್ ಸೇಮ್’ ಸರ್ಟಿಫಿಕೇಟು ಅಂತ ಒಂದಿದೆ. ಐತಪ್ಪ ಅನ್ನುವ ಹೆಸರನ್ನು ಒಂದು ಕಡೆ ಇಂಗ್ಲಿಷಿನ ‘ಎ’ಯಿಂದ ಬರೆದಿರುತ್ತಾರೆ, ಇನ್ನೊಂದು ಕಡೆ ‘ಐ’ಯಿಂದ. ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಹೆಸರು ಸವೆಯುತ್ತದೆ. ಆಗ ಇಬ್ಬರೂ ಒಬ್ಬನೇ ಅಂತ ವಿಲ್ಲೇಜ್ ಆಫೀಸಿನಿಂದ ಬರೆಸಿ ತರಬೇಕು. ಇನ್ನೊಂದು ‘ರಿಲೇಶನ್‌ಶಿಪ್’ ಸರ್ಟಿಫಿಕೇಟು. ಇವ ನನ್ನ ಮಗ, ನಾನು ಇವನ ಅಪ್ಪ ಅಂತ.

ಕಳೆದ ತಿಂಗಳು ಗೋಡೆಯ ಯಜಮಾನರು ಬಂದರು. ಅನುವಾದವಾ ಅನುಮತಿಯಾ ಅಂತ ಕೇಳಿಯಾದ ಮೇಲೆ ಕೂತರು. ಆಧಾರಿಗೆ ಸಂಬಂಧಪಟ್ಟ ಏನೋ ಒಂದು ಕೆಲಸ. ಅವರ ಆಧಾರಿಗೆ ಜೋಡಿಸಿರುವುದು ಬೆಂಗಳೂರಿನಲ್ಲಿರುವ ಮಗನ ನಂಬರು. ಒಟಿಪಿ ಹೋಗುವುದು ಅವನಿಗೆ, ಹತ್ತು ನಿಮಿಷ ಕಳೆದರೆ ಅದು ನಡೆಯುವುದಿಲ್ಲ. ನಿಮ್ಮ ಕೈಯಲ್ಲೇ ಫೋನು ಉಂಟಲ್ಲ, ನಂಬರು ಬದಲಿಸಿಬಿಡಿ ಅಂತ ನಾನು ಮೂರು ವರ್ಷದಿಂದ ಹೇಳುತ್ತಿದ್ದೇನೆ. “ಆಯ್ತು, ನೋಡುವ” ಅನ್ನುತ್ತಾರೆ.

ನಾನು ಬಟನ್ ಒತ್ತಿದೆ. ಅವರು ಮಗನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು.

“ಒಟಿಪಿ ಬಂತಾ ಮಗಾ?”

“ಬಂತು ಅಪ್ಪ. ಬರ್ಕೊಳ್ಳಿ. ನಾಲ್ಕು, ಏಳು...”

“ನಿಲ್ಲು. ಊಟ ಆಯ್ತಾ?”

“ಆಯ್ತು. ಮಳೆ ಉಂಟಾ ಅಲ್ಲಿ?”

“ಮಳೆಯಾ! ಅಡಿಕೆಗೆ ಎರಡನೇ ಮದ್ದು ಬಿಡಲಿಕ್ಕೆ ಆಗಲಿಲ್ಲ. ಮೈಲುತುತ್ತು ಕಲಸಿ ಇಟ್ಟರೆ ಮೋಡ ಬರ್ತದೆ. ಕೆಳಗಿನ ತೋಟದಲ್ಲಿ ಕೊಳೆರೋಗ ಶುರುವಾಗಿದೆ.”

“ದೋಟಿಯಲ್ಲಿ ಮದ್ದು ಬಿಡುವವ ಬರಲಿಲ್ವಾ?”

“ಬಂದಿದ್ದ. ಅವನ ಹೆಂಡತಿಗೆ ಹುಷಾರಿಲ್ಲವಂತೆ...”

ನಾನು ಪರದೆ ನೋಡುತ್ತಿದ್ದೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಕೆಳಗಿನ ತೋಟದಿಂದ ಮೇಲಿನ ತೋಟಕ್ಕೆ, ಅಲ್ಲಿಂದ ಕರು ಹಾಕಿದ ದನಕ್ಕೆ, ಅಲ್ಲಿಂದ ಮೊಮ್ಮಗಳ ಹಲ್ಲಿಗೆ ಮಾತು ಹೋಯಿತು. ಕಡೆಗೆ ಮಗನೇ ನೆನಪು ಮಾಡಿ ನಂಬರು ಹೇಳಿದ. ನಾನು ಹಾಕಿದೆ. ಅವಧಿ ಮುಗಿದಿದೆ ಅಂತ ಬಂತು.

“ಆಗಲಿಲ್ವಾ?” ಅಂತ ಯಜಮಾನರು ಕೇಳಿದರು. ಬೇಸರದ ಮುಖ ಏನೂ ಅಲ್ಲ. ಫೋನು ಇನ್ನೂ ಕೈಯಲ್ಲೇ ಇತ್ತು, ಮಗನೂ ಕಟ್ ಮಾಡಿರಲಿಲ್ಲ.

ನಾನು ಕಾಯುತ್ತಿದ್ದವರಿಗೆ ಕೂತುಕೊಳ್ಳಿ ಅಂತ ಬೆಂಚು ತೋರಿಸಿ, ರೀಸೆಂಡ್ ಒತ್ತಿದೆ.